ಕಪ್ಪೆ ಈದ ಎತ್ತು

ನಾನು ನಿಂತಿದ್ದು ರೋಣದ ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಜಗುಲಿಗೂ ಅಡಿಗೆಮನೆಯ ಬಾಗಿಲಿಗೂ ನಡುವೆ ಇರುವ ಕಂಬಕ್ಕೆ ಎಡಭುಜ ಆನಿಸಿಕೊಂಡು. ಅಂದು ಮಣ್ಣೆತ್ತಿನ ಅಮಾವಾಸ್ಯೆ. ಸಂಜೆ ದೀಪ ಹಚ್ಚಿ ಆಗಿತ್ತು, ಕರೆಂಟು ಹೋಗಿತ್ತು. ನನ್ನ ಬಲಗೈಯಲ್ಲಿ ಊದಿನಕಡ್ಡಿ ಇತ್ತು. ನನಗೂ ಪೂಜೆಗಿಟ್ಟ ಎತ್ತುಗಳಿಗೂ ನಡುವೆ ಒಬ್ಬರು ಕೂಡುವಷ್ಟು ಜಾಗ. ಅಲ್ಲಿ ಯಾರೂ ಕೂತಿರಲಿಲ್ಲ, ಆದ್ದರಿಂದ ನೋಟಕ್ಕೆ ಅಡ್ಡಿ ಇರಲಿಲ್ಲ. ಕನ್ನಡಕ ಹಾಕಿಕೊಂಡಿದ್ದೆ. ಇಷ್ಟನ್ನೂ ಮೊದಲೇ ಏಕೆ ಹೇಳುತ್ತಿದ್ದೇನೆಂದರೆ, ಮುಂದಿನದನ್ನು ನಂಬುವುದು ಕಷ್ಟ. ನಾನು ನೋಡುತ್ತಿದ್ದ ಹಾಗೆಯೇ ಬಲಗಡೆಯ ಮಣ್ಣಿನ ಎತ್ತು ಎದ್ದಿತು.

ಅದು ಎದ್ದದ್ದು ನನ್ನ ಪಾಲಿಗೆ ಸಣ್ಣ ಮಾತಲ್ಲ. ಏಕೆಂದರೆ ನಾನು ಕೋರ್ಟಿನ ಗುಮಾಸ್ತ. ನರಗುಂದದಲ್ಲಿ ಕೆಲವು ವರ್ಷ, ರೋಣದಲ್ಲಿ ಉಳಿದ ವರ್ಷ, ಸಾಕ್ಷಿಗಳು ಹೇಳಿದ್ದನ್ನು ಟೈಪು ಮಾಡುತ್ತ ಕೂತವನು. ಕಂಡವರು ತಡವರಿಸುತ್ತಾರೆ, ಕಾಣದವರು ನಿರರ್ಗಳವಾಗಿ ಹೇಳುತ್ತಾರೆ ಎಂಬುದು ಆ ಕುರ್ಚಿಯಲ್ಲಿ ಕೂತು ನಾನು ಕಲಿತ ಒಂದೇ ಶಾಸ್ತ್ರ. ಹೋರಿ ತನ್ನನ್ನು ನೋಡಿ ನಕ್ಕಿತು ಎಂದವರನ್ನೂ, ಕತ್ತಲಲ್ಲಿ ಅರ್ಧ ಮೈಲಿ ಆಚೆಯ ಅಂಗಿಯ ಗುಂಡಿ ಗುರುತಿಸಿದವರನ್ನೂ ನಾನು ತಲೆ ಎತ್ತದೆ ಟೈಪು ಮಾಡಿದ್ದೇನೆ. ಅಂಥವನ ಮುಂದೆಯೇ ಮಣ್ಣಿನ ಎತ್ತು ಏಳಬೇಕೇ! ಆದರೆ ಎತ್ತಿನ ಮಾತಿಗೆ ಬರುವ ಮೊದಲು ಕಪ್ಪೆಯ ಮಾತು ಹೇಳಬೇಕು. ಕಪ್ಪೆಯಿಲ್ಲದೆ ಎತ್ತಿಲ್ಲ.

ಈ ಶತಮಾನಕ್ಕೆ ಇನ್ನೂ ಹತ್ತು ತುಂಬಿರಲಿಲ್ಲ. ನಮ್ಮ ಮನೆಗೆ ಕೇಬಲ್ ಟಿ.ವಿ. ಬಂದಿತ್ತು. ಒಂದು ರವಿವಾರ ನೀಲಾ (ನನ್ನ ಹೆಂಡತಿ) ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ನಾನು ಚಾನೆಲ್ ಬದಲಿಸುತ್ತ ಕೂತಿದ್ದೆ. ಪರದೆಯ ಮೇಲೆ ಒಂದು ಕಪ್ಪೆ ಬಂತು. ನೀಲಿ ಬಣ್ಣ. ನಮ್ಮ ಮಸಿಕುಡಿಕೆಯಲ್ಲಿ ಅದ್ದಿ ತೆಗೆದಂಥ ನೀಲಿ. ಅದರ ಹಿಂದೆ ಹಳದಿಯದೊಂದು, ಕೆಂಪಿನದೊಂದು. ಹೆಬ್ಬೆರಳ ಉಗುರಿನಷ್ಟು ಗಾತ್ರ. ದಕ್ಷಿಣ ಅಮೆರಿಕದ ಕಾಡಿನವಂತೆ ಅವು. ಅಲ್ಲಿಯ ಬೇಟೆಗಾರರು ಬಾಣದ ತುದಿಯನ್ನು ಇದರ ಬೆನ್ನಿಗೆ ಒರೆಸಿ ಬಿಟ್ಟರೆ ಮುಗಿಯಿತು, ಪ್ರಾಣಿ ಉರುಳುತ್ತದೆ. ಹಾಗಾಗಿ ಬಾಣಗಪ್ಪೆ ಎಂದು ಹೆಸರು. ಗಂಡು ಕಪ್ಪೆ ಮರಿಗಳನ್ನು ಬೆನ್ನ ಮೇಲೆ ಹೊತ್ತು, ಎಲೆಯ ಸಂದಿನಲ್ಲಿ ನಿಂತ ನೀರು ಹುಡುಕಿ ಅಲ್ಲಿ ಬಿಟ್ಟು ಬರುತ್ತದೆ ಎಂದೂ ತೋರಿಸಿದರು. "ನೋಡ್ರಿ, ಅಲ್ಲೆ ಗಂಡಸರು ಮಕ್ಕಳನ್ನ ಹೊತಗೊಂಡ ಹೋಗ್ತಾರ" ಎಂದಳು ನೀಲಾ. ನಾನು ಮಾತು ಬೇರೆ ಕಡೆ ತಿರುಗಿಸಿದೆ.

ನನ್ನನ್ನು ಹಿಡಿದದ್ದು ಅದರ ಮುಂದಿನ ಭಾಗ. ಪರದೇಶದವರು ಈ ಕಪ್ಪೆಗಳನ್ನು ಮನೆಯಲ್ಲಿ ಸಾಕುತ್ತಾರೆ. ಗಾಜಿನ ಪೆಟ್ಟಿಗೆ, ಅದರೊಳಗೆ ಮಣ್ಣು, ಹಾವಸೆ, ಜರಿಗಿಡ, ಬಳ್ಳಿ, ಒಂದು ಕೊರಡು. ನಡುಮನೆಯ ಮೇಜಿನ ಮೇಲೆ ಒಂದು ಅಂಗೈ ಅಗಲದ ಕಾಡು. ಹೀಗೆ ಮನೆಯಲ್ಲಿ ಬೆಳೆದ ಕಪ್ಪೆಗೆ ವಿಷವೇ ಇರುವುದಿಲ್ಲವಂತೆ. ವಿಷ ಬರುವುದು ಕಾಡಿನಲ್ಲಿ ಅದು ತಿನ್ನುವ ಇರುವೆ ನುಸಿಗಳಿಂದ. ಮನೆಯ ಊಟಕ್ಕೆ ಬಿದ್ದ ಮೇಲೆ ವಿಷ ತಯಾರಾಗುವುದಿಲ್ಲ. ಇದನ್ನು ಕೇಳಿ ನಾನು ಬಹಳ ಹೊತ್ತು ಯೋಚಿಸಿದೆ. ನಮ್ಮ ಕೋರ್ಟಿನ ಎಷ್ಟೋ ಜನರ ನಾಲಿಗೆಗೂ ಇದೇ ಔಷಧ ಆದೀತು, ಮಧ್ಯಾಹ್ನ ಮನೆಗೆ ಹೋಗಿ ಉಣ್ಣಲು ಬಿಟ್ಟರೆ ಸಾಕು.

ರೋಣದಲ್ಲಿ ಬಾಣಗಪ್ಪೆ ಸಿಗುವುದಿಲ್ಲ. ಇಲ್ಲಿ ಸಿಗುವುದು ಎರೆಭೂಮಿ, ಬಿಸಿಲು, ಮತ್ತು ಎಂದೋ ಒಮ್ಮೆ ಬರುವ ನಲ್ಲಿಯ ನೀರು. ಆದರೆ ಆಸೆ ನೀರು ಕೇಳುವುದಿಲ್ಲ. ಆಸೆಗೆ ಬೇಕಾದದ್ದು ಪೆಟ್ಟಿಗೆ. ನಾನು ಖಾಜಾಸಾಬರ ಅಂಗಡಿಗೆ ಹೋದೆ.

ಖಾಜಾಸಾಬರು ಫೋಟೋಗಳಿಗೆ ಗಾಜಿನ ಕಟ್ಟು ಹಾಕುವವರು. ಬಜಾರದಲ್ಲಿ ಅವರ ಅಂಗಡಿಯ ಗೋಡೆಯ ಮೇಲೆ ದೇವರು, ಮದುವೆಯ ಜೋಡಿ, ಮಕ್ಕಾದ ಚಿತ್ರ, ತೀರಿಹೋದವರು, ಎಲ್ಲರೂ ಸಾಲಾಗಿ ತಮ್ಮ ತಮ್ಮ ಮನೆಗೆ ಹೋಗಲು ಕಾಯುತ್ತಿರುತ್ತಾರೆ. ನಾನು ಪೆಟ್ಟಿಗೆಯ ವಿಷಯ ಹೇಳಿದಾಗ ಅವರು ಗಾಜು ಕೊಯ್ಯುವ ಕಡ್ಡಿ ಕೆಳಗಿಟ್ಟರು.

"ಕ್ಲರ್ಕ ಸಾಹೇಬ್ರ, ನಾ ದೇವರಿಗೆ ಕಟ್ಟ ಹಾಕೇನಿ, ಮಂತ್ರಿಗೋಳಿಗೆ ಹಾಕೇನಿ, ಸತ್ತ ಮುದಕರಿಗೆ ಹಾಕೇನಿ. ಜೀಂವಂತ ಕಪ್ಪಿಗೆ ಕಟ್ಟ ಹಾಕೂದು ಇದ ಮೊದಲ ನೋಡ್ರಿ."

"ಆಗ್ತೈತೋ ಇಲ್ಲೋ?"

"ಆಗದ ಏನ್ರಿ? ಕಪ್ಪಿ ಅಲಗ್ಯಾಡದ ಕುಂತ್ರ ಆತು."

ಆದರೂ ಅವರು ಮನಸ್ಸಿಟ್ಟು ಮಾಡಿದರು. ಸಂದುಗಳಿಗೆ ಅಂಟು ಬಳಿದು, ನೀರು ತುಂಬಿಸಿ ಸೋರುವುದೋ ನೋಡಿ, ಮೇಲೆ ಜಾಳಿಗೆಯ ಮುಚ್ಚಳ ಕೂಡಿಸಿದರು. ಕೈಗೆ ರೂಢಿಯಾಗಿದ್ದರಿಂದ ನಾಲ್ಕೂ ಕಡೆ ಬಂಗಾರದ ಬಣ್ಣದ ಪಟ್ಟಿ ಬಡಿದರು, ಹಿಂದೆ ಗೋಡೆಗೆ ತೂಗುಹಾಕಲು ಕೊಂಡಿಯನ್ನೂ ಇಟ್ಟರು. ನಮ್ಮ ಎದುರುಮನೆಯ ಬಸಲಿಂಗವ್ವ ಆಯಿ, ಯಾವ ಮಾತನ್ನೂ ಬಾಯಲ್ಲಿ ಇಟ್ಟುಕೊಳ್ಳಲಾಗದವಳು, ಬಂದು ಸುತ್ತಲೂ ನೋಡಿ, "ಯಾರ ಸತ್ತಾರೋ ತಮ್ಮಾ? ಮಾಲಿ ಒಂದ ಕಡಿಮಿ ಐತಿ" ಎಂದಳು.

ಹಾವಸೆಗಾಗಿ ನಾನು ಗಜೇಂದ್ರಗಡಕ್ಕೆ ಹೋದೆ. ಅಲ್ಲಿಯ ಗುಡ್ಡದಲ್ಲಿ ಬಂಡೆಯ ಸಂದಿನಿಂದ ನೀರು ಜಿನುಗುವ ಜಾಗಗಳಿವೆ. ಬಿರುಬೇಸಗೆಯಲ್ಲೂ ಕಲ್ಲಿನ ಮೇಲೆ ಹಸಿರು ಮೆತ್ತಿಕೊಂಡಿರುತ್ತದೆ. ಒದ್ದೆ ಟವೆಲ್ಲಿನಲ್ಲಿ ಒಂದು ಹಿಡಿ ಹಾವಸೆ, ಎರಡು ಜರಿಗಿಡ ಕಟ್ಟಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಪಕ್ಕದಲ್ಲಿ ಕೂತವರು ಪ್ರಸಾದವೆಂದು ತಿಳಿದು ಕೈಮುಗಿದರು. ನಾನು ತಿದ್ದಲಿಲ್ಲ. ನಮ್ಮ ಸೀಮೆಯಲ್ಲಿ ಹಸಿರು ಬಟ್ಟೆಯಲ್ಲಿ ಕಟ್ಟಿ ತರುವಷ್ಟೇ ಇರುತ್ತದೆ, ಕೈಮುಗಿದರೆ ತಪ್ಪೇನು?

ಇಷ್ಟಾದರೂ ಕಪ್ಪೆ ಇರಲಿಲ್ಲ. ಹೊಂಡದ ದೊಡ್ಡ ಕಪ್ಪೆಗಳನ್ನು ತರಬಹುದಿತ್ತು, ಆದರೆ ಅವುಗಳ ಮುಖ ನೋಡಿದರೆ ಬಾಕಿ ವಸೂಲಿಗೆ ಬಂದವರ ಹಾಗಿರುತ್ತದೆ. ಹೀಗಿರುವಾಗ ಆ ವರ್ಷ ಮಲಪ್ರಭೆ ಏರಿ ಬಂತು. ನೀಲಾಳ ತವರು ಮೆಣಸಗಿ, ಹೊಳೆಯ ದಂಡೆಯ ಊರು. ನೀರು ಮನೆಯೊಳಗೆ ಹೊಕ್ಕು ಹೋದ ಮೇಲೆ ಅವಳ ಅಣ್ಣಂದಿರು ಎತ್ತರದ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡರು. ಯಾರಿಗೂ ಪೆಟ್ಟಾಗಿರಲಿಲ್ಲ. ನಾವು ನೋಡಿ ಬರಲು ಹೋದಾಗ ನೀಲಾ ಹಳೆಯ ಹಿತ್ತಲಿಗೆ ಹೋಗಿ, ಕೆಸರಿನಲ್ಲಿ ಅರ್ಧ ಹೂತಿದ್ದ ಮರುಗದ ಕುಂಡವೊಂದನ್ನು ಎತ್ತಿ ತಂದಳು. ಅದು ಅವಳ ತಾಯಿ ಇಟ್ಟ ಗಿಡ. ಗಿಡ ಬದುಕಲಿಲ್ಲ. ಆದರೆ ರೋಣಕ್ಕೆ ತಂದು ಕುಂಡ ಬೋರಲು ಹಾಕಿದಾಗ, ಮಣ್ಣಿನ ನಡುವಿನಿಂದ ಅವನು ಬಂದ.

ಅಂಜೂರದ ಹಣ್ಣಿನಷ್ಟು. ದುಂಡಗೆ. ಕಪ್ಪು ಬೆನ್ನು, ಅದರ ಎರಡೂ ಬದಿಗೆ ಇಟ್ಟಂಗಿ ಕೆಂಪಿನ ಪಟ್ಟೆ, ಥೇಟು ಗಜೇಂದ್ರಗಡದ ಮಗ್ಗದ ಸೀರೆಯಂಚು. ಮುಟ್ಟಿದರೆ ಗಾಳಿ ತುಂಬಿಕೊಂಡು ಚೆಂಡಾಗುತ್ತಿದ್ದ. ಜಿಗಿಯುವುದೆಂದರೆ ಅವನಿಗೆ ಬೇಸರ. ನಡೆಯುತ್ತಿದ್ದ, ಅದೂ ಉಂಡ ಮೇಲೆ ಅಡ್ಡಾಡುವ ಹಿರಿಯರ ಹಾಗೆ. ದಕ್ಷಿಣ ಅಮೆರಿಕ ತಾನಾಗಿ ಮೆಣಸಗಿಯಿಂದ ಬಂದಿತ್ತು.

"ನಮ್ಮೂರಾಂವ" ಎಂದಳು ನೀಲಾ. ಹೆಂಡತಿಯ ಊರಿನವನೆಂದ ಮೇಲೆ ನನಗೆ ಅವನು ಮೈದುನನಾದ. ಮೈದುನನಿಗೆ ಮರ್ಯಾದೆ ಕಡಿಮೆಯಾಗಬಾರದು. ಕುಂಡದ ಮಣ್ಣನ್ನೂ ನಮ್ಮ ಎರೆಮಣ್ಣನ್ನೂ ಬೆರೆಸಿ ಗಾಜಿನ ಪೆಟ್ಟಿಗೆಯ ಅರ್ಧಕ್ಕೆ ತುಂಬಿ ಅವನನ್ನು ಇಳಿಸಿದೆವು. ದಿನಕ್ಕೆರಡು ಬಾರಿ ಕ್ಷೌರದಂಗಡಿಯವರ ಹಾಗೆ ಬಾಟಲಿಯಿಂದ ನೀರು ಚಿಮುಕಿಸುತ್ತಿದ್ದೆ. ಊಟಕ್ಕೆ ಗೆದ್ದಲು, ಗೆದ್ದಲು ಸಿಗದ ದಿನ, ಟಿ.ವಿ.ಯಲ್ಲಿ ಕಂಡ ಹಾಗೆ ಭರಣಿಯಲ್ಲಿ ಬಾಳೆಹಣ್ಣು ಕೊಳೆಹಾಕಿ ಎಬ್ಬಿಸಿದ ಸಣ್ಣ ನೊಣ. ಬಂದವರಿಗೆಲ್ಲ ನೀಲಾ ಮೊದಲು ಮೂಗು ಮುಚ್ಚಿಕೊಂಡು ನೊಣದ ಭರಣಿ ತೋರಿಸಿ, ಆಮೇಲೆ ಮೂಗು ಬಿಟ್ಟು ಕಪ್ಪೆ ತೋರಿಸುತ್ತಿದ್ದಳು.

"ನಮಗ ನಳದ ನೀರ ವಾರಕ್ಕೊಮ್ಮಿ, ನಿನ್ನ ಅಣ್ಣಗ ದಿನಕ್ಕ ಎರಡ ಸಲೆ ಜಳಕ!" ಎಂದು ಬಸಲಿಂಗವ್ವ ಛೇಡಿಸಿದರೆ ನೀಲಾ ಬಿಡುತ್ತಿರಲಿಲ್ಲ: "ಹೊಳಿದಂಡಿ ಮಂದಿ ಆಯಿ, ಅವರಿಗೆ ನೀರಿನ ರೂಢಿ ಐತಿ. ಬರದೂರಾಗ ಹುಟ್ಟಿದಂಗಲ್ಲ."

ಆ ಚಳಿಗಾಲದಷ್ಟು ಹಿತವಾಗಿ ನಮ್ಮ ಮನೆಯ ಸಂಜೆಗಳು ಎಂದೂ ಕಳೆದಿರಲಿಲ್ಲ. ನಾನು ಕೋರ್ಟಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ನೀಲಾ ಅಂದಿನ ವರದಿ ಒಪ್ಪಿಸುತ್ತಿದ್ದಳು: ಎದ್ದನಂತೆ, ಕೊರಡಿನ ಮೇಲೆ ಕೂತನಂತೆ, ಜರಿಗಿಡದ ಕೆಳಗೆ ಏನೋ ಯೋಚಿಸುತ್ತಿದ್ದನಂತೆ. ಕಪ್ಪೆಯನ್ನು ತಕ್ಕಡಿಯಲ್ಲಿ ತೂಗಲಾಗದು ಎನ್ನುತ್ತಾರೆ. ನಾನು ಹೇಳುವುದು, ಕಪ್ಪೆ ನೋಡುತ್ತ ಕೂತವರ ಹೊತ್ತನ್ನೂ ತೂಗಲಾಗದು.

ಶಿವರಾತ್ರಿ ಕಳೆದು ಬಿಸಿಲು ಏರಿತು. ಒಂದು ದಿನ ಅವನು ಕಾಣಲಿಲ್ಲ. ಮರುದಿನವೂ ಇಲ್ಲ. ವಾರ ಕಳೆಯಿತು. ಮುಚ್ಚಳ ಭದ್ರವಾಗಿತ್ತು, ಗಾಜು ಎಲ್ಲೂ ಒಡೆದಿರಲಿಲ್ಲ. ಮಣ್ಣಿನೊಳಗೆ ಹೊಕ್ಕಿದ್ದಾನೆ, ಇಂಥ ಕಪ್ಪೆಗಳು ಬೇಸಗೆಯಲ್ಲಿ ಮಣ್ಣಿನಡಿ ಮಲಗುತ್ತವೆ, ಮಳೆ ಬಂದಾಗ ಏಳುತ್ತವೆ ಎಂದೆ. ಒಂದು ಸಂಜೆ ಅಕ್ಕಿ ಆರಿಸುತ್ತ ಕೂತ ನೀಲಾ ಮೊರ ಕೆಳಗಿಟ್ಟಳು.

"ಅವ ಮಲಗಿಲ್ರಿ. ನಾನ ಕೊಂದೇನಿ."

ಮೇಜಿನ ಕಾಲು ಹಿಡಿದು ಇರುವೆಗಳು ಪೆಟ್ಟಿಗೆಗೆ ಏರುತ್ತಿದ್ದವಂತೆ. ಅವನನ್ನು ಕಚ್ಚಿಯಾವು ಎಂದು ಹೆದರಿ ಅವಳು ಇರುವೆ ಕೊಲ್ಲುವ ಸೀಮೆಸುಣ್ಣದಿಂದ ಮೇಜಿನ ಸುತ್ತ, ಪೆಟ್ಟಿಗೆಯ ಅಂಚಿನ ಸುತ್ತ ಗೆರೆ ಎಳೆದಿದ್ದಳು. ಅದಾದ ಮೇಲೆಯೇ ಅವನು ಕಾಣದಾದದ್ದು. ಪುಡಿ ಒಳಗೆ ಬಿದ್ದಿರಬೇಕು.

"ಇಲ್ಲ, ಮಲಗ್ಯಾನ" ಎಂದೆ.

"ನೋಡೀರೇನ?"

"ನೋಡಿಲ್ಲ."

"ಮತ್ತ ಹ್ಯಾಂಗ ಹೇಳ್ತೀರಿ? ಕೋರ್ಟನ್ಯಾಗ ಹಿಂಗ ಹೇಳಿದ್ರ ಬರಕೋತೀರೇನ ನೀವು?"

ಬರೆದುಕೊಳ್ಳುತ್ತಿರಲಿಲ್ಲ. ಅಂದಿನಿಂದ ಅವಳು ಪೆಟ್ಟಿಗೆಯ ಕಡೆ ನೋಡುವುದನ್ನು ಬಿಟ್ಟಳು. ಮನೆಯಲ್ಲಿ ಅಡಿಗೆ ನಡೆಯಿತು, ಮಾತು ನಡೆಯಿತು. ಆದರೆ ನಾನು ಚಪ್ಪಲಿ ಬಿಡುವಾಗ ಯಾರೂ ವರದಿ ಕೊಡುತ್ತಿರಲಿಲ್ಲ. ತಾಯಿಯ ಗಿಡವನ್ನು ಹೊಳೆ ಒಯ್ದಿತು, ಉಳಿದಿದ್ದ ಒಂದು ಜೀವವನ್ನು ತಾನು ಒಯ್ದೆ ಎಂದು ಒಮ್ಮೆ ಬಸಲಿಂಗವ್ವನ ಮುಂದೆ ಹೇಳಿದಳಂತೆ. ಬಸಲಿಂಗವ್ವ ಚೇಷ್ಟೆ ಮಾಡದೆ ಎದ್ದು ಹೋದಳೆಂದರೆ ಆ ಮಾತಿನ ಭಾರ ತಿಳಿದುಕೊಳ್ಳಿ.

ಎಲ್ಲರೂ ಒಂದೇ ಸಲಹೆ ಕೊಟ್ಟರು: ಮಣ್ಣು ಕೆದರಿ ನೋಡು. ಖಾಜಾಸಾಬರು ತಮ್ಮ ಪೆಟ್ಟಿಗೆಯೊಳಗೆ ಜೀವ ಹೋಗಿದ್ದರೆ ತಮಗೂ ನಿದ್ದೆ ಬರುವುದಿಲ್ಲವೆಂದು ಹೇಳಿ, ಸಣ್ಣ ಕರಣಿಯನ್ನೂ ತಂದುಕೊಟ್ಟರು. ನ್ಯಾಯದ ದಾರಿ ಅದೇ. ಸಾಕ್ಷ್ಯ ಮಣ್ಣಿನಡಿ ಇದೆ, ತೆಗೆದರೆ ತೀರ್ಪು. ಆದರೆ ಕರಣಿ ಹಿಡಿದು ಪೆಟ್ಟಿಗೆಯ ಮುಂದೆ ನಿಂತಾಗ ನನಗೊಂದು ವಿಚಾರ ಹೊಳೆಯಿತು. ಸತ್ತಿದ್ದರೆ, ಹುಡುಕಿದರೂ ಸತ್ತೇ ಇರುತ್ತಾನೆ. ಮಲಗಿದ್ದರೆ, ಹುಡುಕುವ ಕರಣಿಯೇ ಅವನನ್ನು ಕೊಂದೀತು. ಎಷ್ಟೋ ದಾವೆಗಳು ನನ್ನ ಕಣ್ಣೆದುರಿಗೆ ಹೀಗೇ ಆಗಿದ್ದವು: ಸತ್ಯ ಹೊರಗೆ ಬಂದಿತ್ತು, ಎರಡು ತುಂಡಾಗಿ. ಕರಣಿ ವಾಪಸು ಕೊಟ್ಟೆ. ಮುಂಜಾನೆ ನೀಲಾ ಹಿತ್ತಲಲ್ಲಿದ್ದಾಗ ಬಾಟಲಿಯಿಂದ ನೀರು ಚಿಮುಕಿಸುವುದನ್ನು ಮಾತ್ರ ಬಿಡಲಿಲ್ಲ. ಖಾಲಿ ಪೆಟ್ಟಿಗೆಗೆ ನೀರು ಹಾಕುವ ಗುಮಾಸ್ತನೆಂದು ಓಣಿಯಲ್ಲಿ ಹೆಸರಾಯಿತು. ಅದಕ್ಕಿಂತ ಕೆಟ್ಟ ಹೆಸರುಗಳು ಕೋರ್ಟಿನಲ್ಲಿವೆ.

ಇನ್ನು ಅಮಾವಾಸ್ಯೆ. ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು: ಮುಂಗಾರಿನ ಹೊತ್ತಿಗೆ ಬರುವ ಈ ಅಮಾವಾಸ್ಯೆಗೆ ಮಣ್ಣಿನಿಂದ ಒಂದು ಜೋಡಿ ಎತ್ತು, ಅವುಗಳ ಮುಂದೆ ಗ್ವಾದಲಿ (ಮೇವಿನ ತೊಟ್ಟಿ) ಮಾಡಿ ಪೂಜಿಸುತ್ತೇವೆ. ಮರುದಿನ ನೀರಿಗೆ ಬಿಡುತ್ತೇವೆ. ಹೊಲ ಇದ್ದವರೂ ಮಾಡುತ್ತಾರೆ, ನನ್ನ ಹಾಗೆ ಕುರ್ಚಿ ಮಾತ್ರ ಇದ್ದವರೂ ಮಾಡುತ್ತಾರೆ. ಆ ವರ್ಷ ಮಳೆ ತಡವಾಗಿತ್ತು. ದಿನಾ ಮೋಡಗಳು ಬಂದು, ನೋಡಿ, ಹೋಗುತ್ತಿದ್ದವು.

ಸಂಜೆ ನಾನು ಮನೆಗೆ ಬಂದಾಗ ಗಾಜಿನ ಪೆಟ್ಟಿಗೆ ಒರೆಸಿ ಹಿತ್ತಲಲ್ಲಿ ಬೋರಲು ಹಾಕಿತ್ತು. ಒಳಗೆ ಮಣ್ಣಿರಲಿಲ್ಲ. ದೇವರ ಜಗುಲಿಯ ಮೇಲೆ ಒಂದು ಜೋಡಿ ಮಣ್ಣೆತ್ತು, ಜೋಳದ ಕಾಳಿನ ಕಣ್ಣು, ಕುಸುಬಿ ಕಾಳಿನ ಕೊರಳಸರ. ಎತ್ತರದ ಪೀಠದ ಮೇಲೆ ನಿಂತಿದ್ದವು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪೆಟ್ಟಿಗೆಯ ಮಣ್ಣೇ ಎತ್ತಾಗಿತ್ತು.

"ಸಿಟ್ಟಾಗಬ್ಯಾಡ್ರಿ" ಎಂದಳು ನೀಲಾ. "ಅವ ಈ ಮಣ್ಣಾಗ ಹ್ವಾದ. ತವರಮನ್ಯಾಂವ, ಕಸದಾಗ ಚೆಲ್ಲಾಕ ಆಗ್ತೈತೇನ? ಮಣ್ಣ ಬಸವಣ್ಣ ಆಗ್ಲಿ. ಒಂದ ಪೂಜಿ ಆಗ್ಲಿ ಅವಗ. ನಾಳೆ ನೀರಿಗೆ ಕಳಿಸಿ ಬರೂಣು."

"ಎಲ್ಲಾ ನಾದಿದೇನ?" ಎಂದು ಕೇಳಿದೆ.

"ಮ್ಯಾಲಿಂದಷ್ಟ ಹೊರಗ ತಗದ ನಾದಿ ಎತ್ತ ಮಾಡೇನಿ. ತಳದ್ದ ಮುಟ್ಟಾಕ ಕೈ ಬರಲಿಲ್ಲ... ಅವನ ಎಲುವು ಸಿಕ್ಕೀತಂತ. ಹಂಗ ಪೆಟ್ಟಿಗಿ ಅಗಲ ಪರಾತದಾಗ ಬೋರಲ ಹಾಕಿದೆ, ಗಟ್ಟಿ ಬಂತು. ಅದ ಪೀಠ."

ಪೀಠವನ್ನು ಒಡೆದು ನೋಡಬೇಕೆಂದು ನನ್ನ ಕೈ ತುರಿಸಿತು. ಆದರೆ ಬಸಲಿಂಗವ್ವ ಆರತಿ ತಟ್ಟೆ ಹಿಡಿದು ಬಂದಾಗಿತ್ತು. ಕಡಬಿನ ಊಟಕ್ಕೆ ಕರೆದಿದ್ದ ಖಾಜಾಸಾಬರು ಟೋಪಿ ಸರಿಮಾಡಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. ನೀಲಾಳ ಮುಖ ನೋಡಿದೆ. ಇಷ್ಟು ತಿಂಗಳಲ್ಲಿ ಮೊದಲ ಬಾರಿ ಆ ಮುಖದಲ್ಲಿ ಒಂದು ಸಮಾಧಾನ ಕಂಡಿತು. ಅದನ್ನು ಕರಣಿಯಿಂದ ಕೆದರುವುದೇ? ಊದಿನಕಡ್ಡಿ ತೆಗೆದುಕೊಂಡು ಕಂಬಕ್ಕೆ ಭುಜ ಆನಿಸಿ ನಿಂತೆ.

ಈಗ ಕ್ರಮವಾಗಿ ಹೇಳುತ್ತೇನೆ. ಮೊದಲು ನೀಲಾ ತಂಬಿಗೆಯಿಂದ ಎತ್ತುಗಳ ಸುತ್ತ ನೀರು ಬಿಟ್ಟಳು. ಸ್ವಲ್ಪ ಹೆಚ್ಚೇ ಬಿಟ್ಟಳು, ಕಪ್ಪೆಯನ್ನು ನೆನೆದಿರಬೇಕು. ಪೀಠ ಆ ನೀರನ್ನು ಕುಡಿಯಿತು. ನಂತರ ಬಸಲಿಂಗವ್ವ ಆರತಿಯ ಹಾಡು ಎತ್ತಿಕೊಂಡಳು. ಹಾಡಿನ ನಡುವೆ ದೂರದಲ್ಲಿ ಗುಡುಗಿತು. ಜಗುಲಿಯ ತಂಬಿಗೆ ಸಣ್ಣಗೆ ಸದ್ದು ಮಾಡಿದ್ದರಿಂದ ಅದು ಗುಡುಗೇ ಎಂದು ಹೇಳಬಲ್ಲೆ. ಆಮೇಲೆ ಬಲಗಡೆಯ ಎತ್ತಿನ ಹಿಂಭಾಗ ಮೇಲಕ್ಕೆ ಎದ್ದಿತು. ನಾನು ಕಣ್ಣು ಮುಚ್ಚಿ ತೆರೆದೆ. ಅದು ಇಳಿಯಿತು. ಮತ್ತೆ ಎದ್ದಿತು, ಈ ಬಾರಿ ಒಂದು ಬೆರಳಿನಷ್ಟು. ಎತ್ತು ನಿಧಾನವಾಗಿ ತನ್ನ ಜೊತೆಗಾರನ ಕಡೆಗೆ ತಿರುಗಿತು, ಏನೋ ಕೇಳುವವರ ಹಾಗೆ.

ಹಾಡು ನಿಂತಿತು. "ಯವ್ವಾ! ಬಸವಣ್ಣ ಎದ್ದಾನೋ!" ಎಂದು ಬಸಲಿಂಗವ್ವ ಆರತಿ ತಟ್ಟೆಯ ಸಮೇತ ಗೋಡೆಗೆ ಅಂಟಿಕೊಂಡಳು. "ಯಾ ಅಲ್ಲಾ" ಎಂದು ಖಾಜಾಸಾಬರು ಹೊಸ್ತಿಲ ಒಳಗೂ ಹೊರಗೂ ಒಂದೊಂದು ಕಾಲಿಟ್ಟು ನಿಂತರು. ಊದಿನಕಡ್ಡಿಯ ಕೆಂಡ ನನ್ನ ಹೆಬ್ಬೆರಳು ಸುಟ್ಟದ್ದು ಆಮೇಲೆ ತಿಳಿಯಿತು.

ಎತ್ತು ಮಗುಚಿ ನೈವೇದ್ಯಕ್ಕಿಟ್ಟ ಸಜ್ಜಕದ ಬಟ್ಟಲಿಗೆ ಬಿತ್ತು. ಅದು ನಿಂತಿದ್ದ ಜಾಗದಲ್ಲಿ ಮಣ್ಣು ಉಬ್ಬಿ, ಬಿರಿದು, ಒಂದು ಉಂಡೆ ಹೊರಗೆ ಬಂತು. ಉಂಡೆಗೆ ಎರಡು ಕೈ ಮೂಡಿದವು. ಕೈಗಳು ಮುಖ ಒರೆಸಿಕೊಂಡವು. ಕಣ್ಣು ತೆರೆದವು. ಬೆನ್ನ ಮೇಲೆ, ಮಣ್ಣಿನ ನಡುವೆ, ಇಟ್ಟಂಗಿ ಕೆಂಪಿನ ಅಂಚು. ತಳದ ಮಣ್ಣು ಬೋರಲಾಗಿ ಮೇಲಕ್ಕೆ ಬಂದಿತ್ತು. ತಳದಲ್ಲಿ ಮಲಗಿದ್ದವನೂ ಮೇಲಕ್ಕೆ ಬಂದಿದ್ದ. ನೀರು ತಾಗಿತು, ಗುಡುಗು ಕೇಳಿತು, ಎದ್ದ. ಅವನ ಲೆಕ್ಕದಲ್ಲಿ ಎಲ್ಲ ಸರಿಯಾಗಿಯೇ ಇತ್ತು. ನಡುವೆ ಒಂದು ಎತ್ತು ಹೇಗೆ ಬಂತು ಎಂಬುದಷ್ಟೇ ಅವನಿಗೆ ತಿಳಿಯದ ವಿಷಯ.

"ನಮ್ಮಾಂವ!" ಎಂದಳು ನೀಲಾ. ಅಷ್ಟೇ. ಕೂತಲ್ಲಿಯೇ ಕುಸಿದು ನಗತೊಡಗಿದಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ. ಕಣ್ಣಿಂದ ನೀರು ಸುರಿಯಿತು, ಆದರೂ ನಿಲ್ಲಲಿಲ್ಲ.

ಮೊದಲು ಸಾವರಿಸಿಕೊಂಡವಳು ಬಸಲಿಂಗವ್ವ. ಗೋಡೆ ಬಿಟ್ಟು ಬಂದು ಬಗ್ಗಿ ನೋಡಿದಳು. "ಎತ್ತ ಈತಂದ್ರ ಕೊಟಗ್ಯಾಗ ಕಟ್ಟ ಅಂತಿದ್ರು ಹಿರ್ಯಾರು, ನಾವು ನಗತಿದ್ವಿ. ಇಕಾ, ಈದೈತಿ. ಎಲ್ಲಿ ಕಟ್ಟೂಣು ಇದನ್ನ?"

"ನನ್ನ ಪೆಟ್ಟಿಗಿ ಐತೆಲ್ಲರಿ ಆಯಿ! ಬಂಗಾರದ ಪಟ್ಟಿ ಹೊಡದ ಕೊಟ್ಟೇನಿ" ಎಂದರು ಖಾಜಾಸಾಬರು, ಇನ್ನೂ ಹೊಸ್ತಿಲ ಮೇಲೆಯೇ.

"ಏ ಖಾಜಾ, ಮೊದಲ ಒಂದ ಕಡೆ ಕಾಲ ಇಡೋ. ಒಳಗ ಬಾ, ಇಲ್ಲಾ ಹೊರಗ ಹೋಗು. ಕೂಸ ಹುಟ್ಟಿದ ಮನ್ಯಾಗ ಹಂಗ ನಿಲ್ಲಬಾರದು."

ಖಾಜಾಸಾಬರು ಒಳಗೆ ಬಂದರು. ಅಂದು ಕಡಬು ಎಷ್ಟು ತಿಂದೆವೋ ಲೆಕ್ಕವಿಲ್ಲ. ಮಳೆ ಹೊಡೆಯಿತೇ ಎಂದು ಕೇಳುವಿರಿ. ನಾಲ್ಕು ಹನಿ ಬಿತ್ತು. ನಿಜವಾದ ಮಳೆ ಬಂದದ್ದು ಮುಂದಿನ ವಾರ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಆ ರಾತ್ರಿಯೇ ಕೆರೆ ತುಂಬಿತು ಎಂದು ಹೇಳುವವರಿದ್ದಾರೆ.

ನಾನು ಇದನ್ನೆಲ್ಲ ಬರೆಯಲು ಕೂತದ್ದು ಅವರಿಂದಾಗಿಯೇ. ಮರುದಿನ ಬೆಳಿಗ್ಗೆ ನಮ್ಮ ಓಣಿಯವರು ಬಂದರು, ಮಧ್ಯಾಹ್ನ ಪಕ್ಕದ ಓಣಿಯವರು. ಸುದ್ದಿ ಬೆಳವಣಕಿ ಮುಟ್ಟುವ ಹೊತ್ತಿಗೆ ಎತ್ತು ಹೂಂಕರಿಸಿತ್ತು. ಹೊಳೆಆಲೂರಿನಿಂದ ರೈಲು ಹತ್ತಿ ಹೋದವರ ಬಾಯಲ್ಲಿ ಅದು ಜಗುಲಿ ಇಳಿದು ನಡೆದಿತ್ತು. ನರಗುಂದದ ನನ್ನ ಹಳೆಯ ಸಹೋದ್ಯೋಗಿ ಫೋನು ಮಾಡಿ, ಹುಟ್ಟಿದ ಕರುವಿಗೆ ಕಪ್ಪೆಯ ಮುಖವಿತ್ತಂತೆ ಹೌದೇ ಎಂದು ಕೇಳಿದರು. ಕಾಣದವರ ನಿರರ್ಗಳತೆಯ ಮುಂದೆ, ಕಂಡ ನಾನು ತಡವರಿಸಿದೆ. ನಡೆದದ್ದೇ ಸಾಕಷ್ಟು ದೊಡ್ಡದಿರುವಾಗ ಅದನ್ನು ಇನ್ನೂ ದೊಡ್ಡದು ಮಾಡುವ ಆಸೆ ಮನುಷ್ಯರಿಗೇಕೋ! ಒಂದು ಜೀವ ಸತ್ತಿರಲಿಲ್ಲ. ಅದಕ್ಕೆ ಹೂಂಕಾರ ಬೇಕೇ?

ಮಳೆ ಹಿಡಿದ ಮೇಲೆ ನೀಲಾ ಒಂದು ತೀರ್ಮಾನ ಮಾಡಿದಳು. ಅವಳ ಅಣ್ಣಂದಿರ ಹೊಸ ಜಾಗದಲ್ಲಿ ತಗಡು, ಕಲ್ಲು, ಹೊಸ ನಲ್ಲಿ ಬಿಟ್ಟರೆ ಏನೂ ಇರಲಿಲ್ಲ. "ಹೊಸ ಊರಿಗೆ ಹಳೇ ಊರಾಂವ ಒಬ್ಬ ಬೇಕಲ್ರಿ" ಎಂದಳು. ಒದ್ದೆ ಬಟ್ಟೆ ಹಾಸಿದ ಬುತ್ತಿಡಬ್ಬಿಯಲ್ಲಿ ಅವನನ್ನು ಕೂಡಿಸಿಕೊಂಡು ಹೋದೆವು. ನಲ್ಲಿಯ ನೀರು ಹರಿದು ಹಸಿಯಾದ ಜಾಗದಲ್ಲಿ ಇಳಿಸಿದೆವು. ಅವನು ಒಂದಿಷ್ಟು ನಡೆದ, ನಿಂತ, ಗಾಳಿ ತುಂಬಿಕೊಂಡ, ಬಿಟ್ಟ. ಆಮೇಲೆ ಹಿಂಗಾಲಿನಿಂದ ಮಣ್ಣು ಸರಿಸುತ್ತ, ನಮ್ಮ ಕಡೆಗೇ ಮುಖ ಮಾಡಿ, ಹಿಂದೆ ಹಿಂದಕ್ಕೆ ನೆಲದೊಳಗೆ ಇಳಿದ. ಕಡೆಗೆ ಉಳಿದದ್ದು ಎರಡು ಕಣ್ಣು, ಅವೂ ಮುಚ್ಚಿಕೊಂಡವು. ಅಲ್ಲಿ ಈಗ ಮಳೆಗಾಲದ ಸಂಜೆ ಅನೇಕ ದನಿಗಳು ಕೇಳುತ್ತವೆ ಎಂದು ಅವಳ ಅಣ್ಣ ಹೇಳುತ್ತಾನೆ. ಅವು ಇವನ ಸಂತಾನವೋ, ತಾವಾಗಿ ಬಂದವೋ, ನಾನು ನೋಡಿಲ್ಲ. ಕೇಳಿದರೆ ಇವನದೇ ಎಂದು ಹೇಳುತ್ತೇನೆ. ಕಂಡದ್ದನ್ನಷ್ಟೇ ಹೇಳುವುದು ಕೋರ್ಟಿಗೆ ಸರಿ. ಮನೆಯಲ್ಲಿ ಕಾಣದ್ದಕ್ಕೂ ಸ್ವಲ್ಪ ನೀರು ಚಿಮುಕಿಸುತ್ತಿರಬೇಕಾಗುತ್ತದೆ.

ಅಂದು ಆ ಪಡಸಾಲೆಯಲ್ಲಿ ನನ್ನ ಹೊರತು ಇದ್ದವರು ಮೂವರು, ಮೂವರೂ ಇದ್ದಾರೆ. ಖಾಜಾಸಾಬರು ಅಂಗಡಿಗೆ ಈಗಲೂ ಬರುತ್ತಾರೆ. ತಾವು ಹೊಸ್ತಿಲಲ್ಲಿ ನಿಂತಿರಲೇ ಇಲ್ಲ, ಮೊದಲೇ ಒಳಗೆ ಬಂದಾಗಿತ್ತು ಎಂದು ವಾದಿಸುತ್ತಾರೆ. ಬಸಲಿಂಗವ್ವ ಆಯಿಗೆ ಕಿವಿ ಮಂದವಾಗಿದೆ, ನಾಲಿಗೆ ಆಗಿಲ್ಲ. ಎದ್ದದ್ದು ಎಡಗಡೆಯ ಎತ್ತು ಎಂದು ಆಣೆ ಮಾಡುತ್ತಾಳೆ. ನೀಲಾ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ತಾನು ಅತ್ತಿಲ್ಲ ಎನ್ನುತ್ತಾಳೆ. ಮೂವರನ್ನೂ ಬೇರೆ ಬೇರೆ ಕೂಡಿಸಿ ಕೇಳಿ ನೋಡಿ, ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಮೂವರ ಹೇಳಿಕೆಯೂ ನನ್ನದೂ ಒಂದೇ ಇದೆ: ಆ ಹೊತ್ತು ನೀಲಾ ನಕ್ಕದ್ದು ಓಣಿಯ ಕೊನೆಯ ಮನೆಗೂ ಕೇಳಿಸಿತ್ತು.